ಹಳೇ ತೊಟ್ಟಿಮನೆ ರಿಪೇರಿ: ಮಾಡಿಸಿದವರು ಹೇಳಿ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಅಜ್ಜನ ಕಾಲದ ತೊಟ್ಟಿಮನೆ. ಮಣ್ಣಿನ ಗೋಡೆ, ಮಂಗಳೂರು ಹಂಚು. ಬೆಂಗಳೂರು ಬಿಟ್ಟು ಅಮ್ಮ, ಮಕ್ಕಳ ಜೊತೆ ಅಲ್ಲೇ ಇರೋಣ ಅಂತಿದೀವಿ. ಗೋಡೆ ಉದುರ್ತಿದೆ, ತೊಟ್ಟಿಯಿಂದ ಎರಚಲು ಹೊಡೆಯುತ್ತೆ, ಒಳಗೇ ಬಾತ್‌ರೂಮ್ ಬೇಕು. ಮೇಸ್ತ್ರಿ 'ಎಲ್ಲಾ ಸಿಮೆಂಟ್ ಮಾಡಿಬಿಡೋಣ' ಅಂತಾರೆ. ಏನು ಮಾಡಲಿ?

ಸಾಗರದವರು: ಸಿಮೆಂಟ್ ಗಾರೆ ಮಾತ್ರ ಬೇಡ ಸಾರ್. ಮಣ್ಣಿನ ಗೋಡೆ ಮಳೆಗಾಲದಲ್ಲಿ ನೆಲದ ತೇವ ಎಳ್ಕೊಳ್ಳುತ್ತೆ, ಬಿಸಿಲು ಬಂದಾಗ ತಾನೇ ಆರುತ್ತೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಕೂತು, ಕೆಲವು ಮಳೆಗಾಲ ಕಳೆಯೋದರೊಳಗೆ ಗಾರೆ ಹಪ್ಪಳದ ಹಾಗೆ ಏಳುತ್ತೆ, ಬರುವಾಗ ಮಣ್ಣನ್ನೂ ಕಿತ್ಕೊಂಡೇ ಬರುತ್ತೆ. ನಾವು ಸುಣ್ಣದ ಗಾರೆ ಹಾಕಿಸಿದ್ವಿ: ನೆನೆಸಿಟ್ಟ ಸುಣ್ಣ ಒಂದು ಪಾಲು, ಮರಳು ಮೂರು ಪಾಲು, ಕಲಸೋಕೆ ಬೆಲ್ಲ, ಅಳಲೆಕಾಯಿ ಕೊಳೆಸಿದ ನೀರು. ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಹೊಡೆಸಿದರೆ ಮಾಡಿಸಿದ್ದೆಲ್ಲ ದಂಡ, ಸುಣ್ಣವೇ ಬಳಿಸಿ. ಬಾತ್‌ರೂಮ್ ಮಣ್ಣಿನ ಗೋಡೆಗೆ ಆನಿಸಬೇಡಿ. ನಮ್ಮದು ಹಳೇ ಕೊಟ್ಟಿಗೆ ಜಾಗದಲ್ಲಿ, ಜಂಬಿಟ್ಟಿಗೆ ಗೋಡೆ. ಅಡುಗೆಮನೆಯಿಂದ ಅಲ್ಲಿಗೆ ಮಾಡು ಇಳಿಸಿದೀವಿ, ರಾತ್ರಿ ನೆನೆಯದೆ ಹೋಗಿಬರಬಹುದು.

ಶೃಂಗೇರಿ ಕಡೆಯವರು: ಸುಣ್ಣದ ಗಾರೆ ಬಲ್ಲ ಕೆಲಸದವರು ಸಿಗೋದೇ ಕಷ್ಟ, ಅದನ್ನ ಮೇಲಿನವರು ಹೇಳಲಿಲ್ಲ! ನಾವು ಒಳಗೆಲ್ಲ ಮಣ್ಣಿನದೇ ಗಾರೆ ಮಾಡಿಸಿ, ಸುಣ್ಣ ಹೊರಮೈಗೆ ಮಾತ್ರ ಇಟ್ಕೊಂಡ್ವಿ.

ಯಾರೂ ಮೊದಲೇ ಯೋಚಿಸದ ವಿಷಯ ಒಂದಿದೆ. ಸೌದೆ ಒಲೆ ತೆಗೆದು ಗ್ಯಾಸ್ ಇಟ್ಟರೆ ಅಟ್ಟದ ಮರಕ್ಕೆ ಹೊಗೆ ತಪ್ಪುತ್ತೆ, ಹುಳ ಶುರುವಾಗುತ್ತೆ. ಹಂಚು ಇಳಿಸಿದಾಗಲೇ ಹಂಚು ಹೊರೋ ಪಕಾಸು, ರೀಪಿನ ಮರಕ್ಕೆಲ್ಲ ಗೇರೆಣ್ಣೆ (ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ) ಹೊಡೆಸಿಬಿಡಿ. ಮೈಗೆ ತಾಗಿದರೆ ಸುಡುತ್ತೆ, ಆ ವಾರ ಮಕ್ಕಳನ್ನ ನೆಂಟರ ಮನೆಗೆ ಕಳಿಸಿ. ಹಳೇ ಹಂಚು ಬಿಸಾಡಬೇಡಿ, ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಪಾದ್ರಿಗಳ ಸಂಸ್ಥೆ 1865ರಲ್ಲಿ ಮಂಗಳೂರಲ್ಲಿ ಶುರು ಮಾಡಿದ ಕಾರ್ಖಾನೆಯ ಮುದ್ರೆ ಇರೋವು ಇನ್ನೂ ಎಷ್ಟೋ ಮನೆ ಮೇಲಿವೆ. ಆದರೆ ಒಂದು ಕಾರ್ಖಾನೆ ಹಂಚಿಗೆ ಇನ್ನೊಂದರ ಹಂಚು ಸರಿಯಾಗಿ ಕೂರಲ್ಲ. ಹಳೇದನ್ನೆಲ್ಲ ಒಂದೇ ಮಗ್ಗುಲಿಗೆ ಹಾಕಿಸಿ, ಇನ್ನೊಂದು ಮಗ್ಗುಲಿಗೆ ಪೂರ್ತಿ ಹೊಸದು.

ಕೊಪ್ಪದವರು: ವೈರಿಂಗಿಗೆ ಗೋಡೆ ಕೊರೆಸಬೇಡಿ, ಮೇಲೇ ಪೈಪಲ್ಲಿ ಎಳೆಸಿ. ಅರ್ತಿಂಗ್, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್ಚು) ಬೇಕೇಬೇಕು. ತೊಟ್ಟಿಗೆ ಗಾಜು ಮುಚ್ಚಿದರೆ ಏಪ್ರಿಲಲ್ಲಿ ಒಳಗೆ ಬೇಯ್ತೀರಿ. ಶೀಟು ಹಾಕಿಸೋದಾದ್ರೆ ಸೂರಿಗಿಂತ ಎರಡಡಿ ಎತ್ತರಕ್ಕೆ, ಸುತ್ತ ಗಾಳಿ ಆಡೋ ಹಾಗೆ.

ಕೇಳಿದವರು: ತೊಟ್ಟಿ ಮುಚ್ಚೋಕೆ ಅಮ್ಮ ಒಪ್ತಿಲ್ಲ. ತುಳಸಿಗೆ ಮಳೆ ಬೀಳಬೇಕಂತೆ.

ಸಾಗರದವರು: ಅಮ್ಮ ಹೇಳಿದ್ದೇ ಸರಿ. ಸೂರಿನ ಸುತ್ತ ಅಡಿಕೆ ಮರ ಸೀಳಿದ ದಬ್ಬೆದೋ ಪಿವಿಸಿದೋ ದೋಣಿ ಕಟ್ಟಿಸಿ ನೀರನ್ನ ಒಂದು ಮೂಲೆಗೆ ಇಳಿಸಿ, ಅರ್ಧ ಎರಚಲು ಅಲ್ಲೇ ನಿಲ್ಲುತ್ತೆ. ಉಳಿದದ್ದಕ್ಕೆ ಮಳೆಗಾಲದ ಮಟ್ಟಿಗೆ ಗಾಳಿ ಬೀಸೋ ಕಡೆ ತಟ್ಟಿ ಕಟ್ಟಿದರಾಯ್ತು.