ಬದುವಿನ ಮೇಲೆ ಓಡುವ ಜೇಡ, ಹುಲ್ಲಿನ ಆಲಿಕೆ ಬಲೆಯ ಜೇಡ: ಎರಡೂ ತೋಳ ಜೇಡವೇ?

ಗದ್ದೆಬದು:

ಎಲ್ಲರಿಗೂ ನಮಸ್ಕಾರ. ಶಾಲೆಯ ಪರಿಸರ ಕೂಟಕ್ಕಾಗಿ ಊರಿನ ಜೇಡಗಳ ಪಟ್ಟಿ ತಯಾರಾಗುತ್ತಿದೆ. ಮೂರು ಜೇಡಗಳ ವಿಷಯದಲ್ಲಿ ಗೊಂದಲವಿದೆ.

ಮೊದಲನೆಯದು ಭತ್ತದ ಗದ್ದೆಯ ಬದುವಿನಲ್ಲೂ ನೀರಿನ ಮೇಲೂ ಓಡಾಡುವ ಬೂದುಗಂದು ಜೇಡ. ಇದಕ್ಕೆ ಬಲೆ ಇಲ್ಲ, ಹಿಂಬದಿಗೆ ಬಿಳಿ ಉಂಡೆಯೊಂದು ಅಂಟಿಕೊಂಡಿರುತ್ತದೆ. ಎರಡನೆಯದು ಆಟದ ಮೈದಾನದ ಹುಲ್ಲಿನಲ್ಲಿ ಹಾಳೆಯಂತೆ ಬಲೆ ಹಾಸಿ, ಅದರ ಒಂದು ಮೂಲೆಯ ಆಲಿಕೆಯೊಳಗೆ ಕೂರುವ ಜೇಡ. ಮೂರನೆಯದು ಮನೆ ಗೋಡೆಯ ಮೇಲೆ ಕಾಣುವ, ಅಂಗೈಯಗಲದ ಚಪ್ಪಟೆ ಜೇಡ.

ಮೂರೂ ತೋಳ ಜೇಡಗಳೇ ಎಂದು ಒಬ್ಬರು ಹೇಳುತ್ತಾರೆ. ತೋಳ ಜೇಡ ಬಲೆ ಕಟ್ಟುವುದೇ ಇಲ್ಲ ಎಂದು ಇನ್ನೊಂದು ಕಡೆ ಬರೆದಿದೆ. ಯಾವುದು ಸರಿ? ಹೊರದೇಶಗಳ ತೋಳ ಜೇಡಗಳೂ ಹೀಗೆ ಬೇರೆ ಬೇರೆ ರೀತಿಯಲ್ಲಿ ಬದುಕುತ್ತವೆಯೇ?

ಎಂಟುಗಣ್ಣು:

ಮೊದಲ ಎರಡು ತೋಳ ಜೇಡಗಳು, ಮೂರನೆಯದು ಅಲ್ಲ.

ಬಲೆ ಇದೆಯೋ ಇಲ್ಲವೋ ಎಂಬುದರಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ತೋಳ ಜೇಡಗಳ ಕುಟುಂಬವಾದ ಲೈಕೋಸಿಡೇಯನ್ನು ಕಣ್ಣುಗಳಿಂದ ಮತ್ತು ತಾಯಿ ಮೊಟ್ಟೆ ಹೊರುವ ರೀತಿಯಿಂದ ಗುರುತಿಸಬೇಕು. ಜೇಡವನ್ನು ಎದುರಿನಿಂದ ನೋಡಿ. ಕೋರೆಹಲ್ಲಿನ ಮೇಲ್ಭಾಗದಲ್ಲಿ ನಾಲ್ಕು ಚಿಕ್ಕ ಕಣ್ಣುಗಳು ಒಂದೇ ಸಾಲಿನಲ್ಲಿರುತ್ತವೆ. ಅದರ ಮೇಲೆ ಮುಂದಕ್ಕೆ ದಿಟ್ಟಿಸುವ ಎರಡು ದೊಡ್ಡ ಕಣ್ಣು. ಇನ್ನೂ ಹಿಂದೆ, ನೆತ್ತಿಯ ಇಕ್ಕೆಲಗಳಲ್ಲಿ, ಮಧ್ಯಮ ಗಾತ್ರದ ಮತ್ತೆರಡು. ಈ 4-2-2 ಜೋಡಣೆ ಕಂಡರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ಉಳಿದದ್ದನ್ನು ಮೊಟ್ಟೆ ಚೀಲ ಹೇಳುತ್ತದೆ. ತೋಳ ಜೇಡದ ತಾಯಿ ಉಂಡೆಯನ್ನು ಹೊಟ್ಟೆಯ ತುದಿಯ ನೂಲು ಬಿಡುವ ಅಂಗಕ್ಕೆ ಅಂಟಿಸಿಕೊಂಡು ಓಡಾಡುತ್ತದೆ. ಮರಿಗಳು ಹೊರಬರುವ ಹೊತ್ತಿಗೆ ಚೀಲದ ನಡುವಿನ ಹೊಲಿಗೆಯನ್ನು ತಾನೇ ಕಚ್ಚಿ ಸಡಿಲಿಸುತ್ತದೆ. ಮರಿಗಳೆಲ್ಲ ತಾಯಿಯ ಬೆನ್ನೇರಿ ಅಲ್ಲಿನ ರೋಮ ಹಿಡಿದು ಕೂರುತ್ತವೆ. ಬೇರೆ ಕುಟುಂಬದ ನರ್ಸರಿ ಬಲೆ ಜೇಡವೂ ಚೀಲ ಹೊರುತ್ತದೆ, ಆದರೆ ಬಾಯಲ್ಲಿ ಕಚ್ಚಿಕೊಂಡು ಎದೆಯ ಕೆಳಗೆ. ಮರಿಗಳನ್ನೂ ಅದು ಬೆನ್ನ ಮೇಲೆ ಹೊರುವುದಿಲ್ಲ, ಎಲೆಗಳ ನಡುವೆ ನೂಲಿನ ಗೂಡು ಕಟ್ಟಿ ಕಾಯುತ್ತದೆ. ಹೊಳೆಯಂಚಿನಲ್ಲಿ ಇವೆರಡನ್ನೂ ಅದಲುಬದಲು ಮಾಡುವವರೇ ಜಾಸ್ತಿ.

ಮೈದಾನದ ಆಲಿಕೆ ಬಲೆಯದು ಬಹುಮಟ್ಟಿಗೆ ಹಿಪ್ಪಾಸಾ ಕುಲದ್ದು. ಕರ್ನಾಟಕದ ಹುಲ್ಲುಗಾವಲು, ತೋಟ, ರಸ್ತೆಬದಿಗಳಲ್ಲಿ ತೀರಾ ಸಾಮಾನ್ಯ. ಇಬ್ಬನಿ ಬಿದ್ದ ಬೆಳಗ್ಗೆ ಬಲೆಗಳು ಎದ್ದು ಕಾಣುತ್ತವೆ, ಎಣಿಸುವುದಾದರೆ ಆಗಲೇ ಎಣಿಸಿ, ಬಿಸಿಲೇರಿದರೆ ಅರ್ಧದಷ್ಟೂ ಕಣ್ಣಿಗೆ ಬೀಳವು. ಹಿಂಬದಿಯ ಉದ್ದನೆಯ ನೂಲುಕೊಳವೆಗಳ ಜೋಡಿಯೊಂದು ಮೇಲಿನಿಂದಲೇ ಎರಡು ಬಾಲದಂತೆ ಕಾಣುತ್ತದೆ. ಇಂಥದೇ ಬಲೆ ಹಾಸುವ ಅಜೆಲೆನಿಡೇ ಎಂಬ ಬೇರೆ ಕುಟುಂಬವಿದೆ. ಅವುಗಳ ಎಂಟು ಕಣ್ಣು ಹೆಚ್ಚುಕಡಿಮೆ ಒಂದೇ ಗಾತ್ರದವು, ಮೊಟ್ಟೆ ಚೀಲವನ್ನು ಮೈಗೆ ಅಂಟಿಸಿಕೊಳ್ಳುವುದಿಲ್ಲ. ಹಿಪ್ಪಾಸಾದ ತಾಯಿ ಬಲೆಯಲ್ಲಿ ಕೂತಿದ್ದರೂ ಚೀಲ ಹಿಂಬದಿಯಲ್ಲೇ ಇರುತ್ತದೆ, ಮರಿಗಳು ಬೆನ್ನೇರುತ್ತವೆ.

ಗೋಡೆಯ ಮೇಲಿನದು ಹೆಟೆರೊಪೋಡಾ ಕುಲದ ಹಂಟ್ಸ್‌ಮನ್ ಜೇಡ ಇರಬೇಕು. ಅದರ ಕಾಲುಗಳು ಏಡಿಯಂತೆ ಪಕ್ಕಕ್ಕೆ ಚಾಚಿಕೊಂಡಿರುತ್ತವೆ, ಮುಖದ ಮುಂದೆ ತಿಳಿ ಬಣ್ಣದ ಅಡ್ಡಪಟ್ಟಿ ಇರುತ್ತದೆ. ತೋಳ ಜೇಡ ನುಣುಪು ಗೋಡೆ ಹತ್ತಿ ಕೂರುವ ಪ್ರಾಣಿಯಲ್ಲ, ನೆಲದ್ದು.

ಮರಳುಬಿಲ:

ಹೊರದೇಶಗಳ ಪ್ರಶ್ನೆಗೆ ಉತ್ತರಿಸುತ್ತೇನೆ. ಈ ಕುಟುಂಬದಲ್ಲಿ ಇಲ್ಲಿಯವರೆಗೆ 2,400ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಡಲಾಗಿದೆ. ಪಾರ್ಡೋಸಾ ಎಂಬ ಒಂದೇ ಕುಲದಲ್ಲಿ 500ಕ್ಕೂ ಮಿಕ್ಕಿವೆ. ದೇಹದ ಅಚ್ಚು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ಬದುಕುವ ರೀತಿ ಮಾತ್ರ ಊಹಿಸಲಾಗದಷ್ಟು ಬೇರೆ. ಈ ಕುಟುಂಬದ ಸೊಗಸೇ ಅದು.

ಬಲೆಯಿಂದಲೇ ಶುರು ಮಾಡೋಣ. ಆಫ್ರಿಕಾ ಮತ್ತು ಏಷ್ಯಾದಲ್ಲಿ ಹಿಪ್ಪಾಸಾ, ಆಗ್ನೇಯ ಏಷ್ಯಾದಿಂದ ಆಸ್ಟ್ರೇಲಿಯಾವರೆಗೆ ವೆನೋನಿಯಾ, ಉತ್ತರ ಮತ್ತು ಮಧ್ಯ ಅಮೆರಿಕದಲ್ಲಿ ಸೊಸಿಪ್ಪಸ್, ದಕ್ಷಿಣ ಅಮೆರಿಕದಲ್ಲಿ ಅಗ್ಲಾವೊಕ್ಟೆನಸ್. ಇವೆಲ್ಲವೂ ಬಲೆ ಹಾಸುವ ತೋಳ ಜೇಡಗಳೇ.

ಬಿಲ ತೋಡುವವು ಇನ್ನೊಂದು ಗುಂಪು. ಅಮೆರಿಕದ ಜಿಯೊಲೈಕೋಸಾ ಸಡಿಲ ಮರಳಿನಲ್ಲಿ ನೇರ ಬಿಲ ತೋಡಿ, ಗೋಡೆ ಕುಸಿಯದಂತೆ ನೂಲು ಬಳಿಯುತ್ತದೆ. ಬಹುಪಾಲು ಆಯಸ್ಸು ಅದರೊಳಗೇ ಕಳೆಯುತ್ತದೆ. ಮರಳು ಗಟ್ಟಿಯಾದರೆ ಅಥವಾ ಗಿಡಗಂಟಿ ದಟ್ಟವಾಗಿ ಮುಚ್ಚಿದರೆ ಅಲ್ಲಿ ಬದುಕದು. ಹಾಗಾಗಿ ಫ್ಲಾರಿಡಾದ ಹಳೆಯ ಮರಳು ದಿಬ್ಬಗಳಿಗಷ್ಟೇ ಸೀಮಿತವಾದ ಪ್ರಭೇದಗಳಿವೆ. ಆಸ್ಟ್ರೇಲಿಯಾದ ಟೆಟ್ರಾಲೈಕೋಸಾ ಕುಲದವು ಸಮುದ್ರ ತೀರದಲ್ಲೂ ಒಳನಾಡಿನ ಉಪ್ಪಿನ ಸರೋವರಗಳ ಬರಡು ಪಾತ್ರದಲ್ಲೂ ಇರುತ್ತವೆ.

ಉರುಗ್ವೆಯ ಕರಾವಳಿ ಮರಳಿನಲ್ಲಿರುವ ಆಲೋಕೋಸಾ ಕುಲದ ಜೇಡದ ಕಥೆಯನ್ನು ಮಕ್ಕಳಿಗೆ ಖಂಡಿತ ಹೇಳಿ. ಜೇಡಗಳಲ್ಲಿ ಸಾಮಾನ್ಯವಾಗಿ ಗಂಡು ಅಲೆದು ಹೆಣ್ಣನ್ನು ಹುಡುಕುತ್ತದೆ. ಇಲ್ಲಿ ಗಂಡೇ ದೊಡ್ಡದು, ಆಳವಾದ ಬಿಲ ತೋಡಿ ಕಾಯುವುದೂ ಅದೇ. ಹೆಣ್ಣು ಅಲೆಯುತ್ತ ಬಂದು ಬಿಲದ ಬಾಗಿಲಲ್ಲಿ ಪ್ರಣಯದ ಸಂಜ್ಞೆ ಕೊಡುತ್ತದೆ. ಕೂಡಿದ ಮೇಲೆ ಗಂಡು ಬಿಲವನ್ನು ಹೆಣ್ಣಿಗೆ ಬಿಟ್ಟು ಹೊರಬಂದು ಅದರ ಬಾಯಿ ಮುಚ್ಚುತ್ತದೆ, ಹೆಣ್ಣು ಒಳಗಿನಿಂದ ನೂಲು ಹಾಕಿ ಕೈಜೋಡಿಸುತ್ತದೆ. ಮೊಟ್ಟೆ ಇಡುವುದು ಅದೇ ಬಿಲದಲ್ಲಿ. ಗಾಳಿಗೆ ಜರುಗುವ ಮರಳಿನಲ್ಲಿ ಒಳ್ಳೆಯ ಬಿಲವೇ ದೊಡ್ಡ ಆಸ್ತಿ, ಅದನ್ನು ಕೊಡುವವನನ್ನು ಹೆಣ್ಣು ಆರಿಸಿಕೊಳ್ಳುತ್ತದೆ.

ಕಣ್ಣೇ ಇಲ್ಲದ ತೋಳ ಜೇಡವೂ ಇದೆ. ಹವಾಯಿಯ ಕವಾಯಿ ದ್ವೀಪದ ಲಾವಾ ಗುಹೆಗಳಲ್ಲಿರುವ ಅಡೆಲೋಕೋಸಾ ಅನಾಪ್ಸ್ ಅದು. 1973ರಲ್ಲಿ ಜೇಡತಜ್ಞ ವಿಲ್ಲಿಸ್ ಗರ್ಟ್ಷ್ ಅದನ್ನು ವಿವರಿಸಿದರು. ಒಂದು ಸಲಕ್ಕೆ ಇಡುವುದು 15ರಿಂದ 30 ಮೊಟ್ಟೆ ಮಾತ್ರ, ಮರಿಗಳು ದೊಡ್ಡವು. ಆಹಾರ ವಿರಳವಾದ ಗುಹೆಯಲ್ಲಿ ನೂರಾರು ಪುಟ್ಟ ಮರಿಗಳಿಗಿಂತ ಕೆಲವೇ ಬಲಿಷ್ಠ ಮರಿಗಳು ಉಳಿಯುವ ಸಂಭವ ಹೆಚ್ಚು. 2000ದಲ್ಲಿ ಅಮೆರಿಕ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಉತ್ತರದ ತುದಿಯಲ್ಲಿ ಗ್ರೀನ್‌ಲ್ಯಾಂಡಿನ ಪಾರ್ಡೋಸಾ ಗ್ಲೇಸಿಯಾಲಿಸ್. ಅಲ್ಲಿನ ಜಾಕೆನ್‌ಬರ್ಗ್ ಸಂಶೋಧನಾ ಕೇಂದ್ರದಲ್ಲಿ 1996ರಿಂದ ಗುಂಡಿ ಬೋನುಗಳಲ್ಲಿ (ನೆಲಮಟ್ಟಕ್ಕೆ ಹೂತ ಲೋಟಗಳಲ್ಲಿ) ಇವನ್ನು ಲೆಕ್ಕ ಹಾಕುತ್ತಿದ್ದಾರೆ. ಹಿಮ ಬೇಗ ಕರಗಿದ ವರ್ಷಗಳಲ್ಲಿ ಒಂದೇ ಬೇಸಿಗೆಯಲ್ಲಿ ಎರಡನೇ ಸಲ ಮೊಟ್ಟೆ ಇಡುವ ಹೆಣ್ಣುಗಳು ಹೆಚ್ಚಾಗುತ್ತವೆ ಎಂಬುದು ಅಲ್ಲಿಂದ ಗೊತ್ತಾಯಿತು.

ಗಾತ್ರದಲ್ಲಿ ದೊಡ್ಡವುಗಳ ಪೈಕಿ ಅಟ್ಲಾಂಟಿಕ್ ಸಾಗರದ ಮಡೈರಾ ಬಳಿಯ ಡೆಸರ್ಟಾ ಗ್ರಾಂಡೆ ದ್ವೀಪದ ಹೋಗ್ನಾ ಇಂಜೆನ್ಸ್ ಬರುತ್ತದೆ. ದೇಹವೇ 4 ಸೆಂ.ಮೀ. ಮುಟ್ಟುತ್ತದೆ. ಇಡೀ ಪ್ರಪಂಚದಲ್ಲಿ ಆ ದ್ವೀಪದ ಒಂದೇ ಕಣಿವೆಯಲ್ಲಿದೆ. ಹೊರಗಿನಿಂದ ಬಂದ ಫಲಾರಿಸ್ ಹುಲ್ಲು ಹರಡಿ, ಅದು ಅಡಗುವ ಕಲ್ಲು ಸಂದುಗಳನ್ನು ಮುಚ್ಚುತ್ತಿದೆ. 2016ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ಮೃಗಾಲಯಕ್ಕೆ ಕೆಲವನ್ನು ತಂದು ಸಂತಾನ ಪಡೆದರು. ಮರಿ ಬೆಳೆಸಬಹುದು, ಕಣಿವೆಯ ಹುಲ್ಲು ತೆಗೆಯದಿದ್ದರೆ ಅವನ್ನು ಬಿಡುವುದೆಲ್ಲಿಗೆ?

ಇಷ್ಟೆಲ್ಲ ಇದ್ದರೂ ದಟ್ಟ ಮಳೆಕಾಡಿನ ನೆಲದಲ್ಲಿ ಇವು ಕಡಿಮೆ. ಭೂಮಿಯ ಮೇಲೆ ಹುಲ್ಲುಗಾವಲು ಹರಡಿದ ಕಾಲಕ್ಕೇ ಈ ಕುಟುಂಬ ಕವಲೊಡೆದು ಬೆಳೆಯಿತು ಎಂಬ ವಾದ ನನಗೆ ಒಪ್ಪಿಗೆ. ಪಶ್ಚಿಮ ಘಟ್ಟದ ಕಾಡಿನೊಳಗೆ ತರಗೆಲೆಯ ಮೇಲೆ ತೋಳ ಜೇಡದಂಥದ್ದು ಕಂಡರೆ ಕಣ್ಣು ನೋಡಿ. ಜೋಡಣೆ 2-4-2 ಇದ್ದರೆ ಅದು ಟೆನಿಡೇ ಕುಟುಂಬದ್ದು.

ಗದ್ದೆಬದು:

ತುಂಬ ಉಪಕಾರವಾಯಿತು. ಇನ್ನೆರಡು ಪ್ರಶ್ನೆ. ಮೊಬೈಲ್ ಆ್ಯಪ್ ಒಂದು ಗದ್ದೆಯ ಜೇಡಕ್ಕೆ ಪ್ರಭೇದದ ಹೆಸರನ್ನೇ ಕೊಡುತ್ತದೆ. ಪಟ್ಟಿಯಲ್ಲಿ ಅದನ್ನೇ ಬರೆಯಬಹುದೇ? ಗದ್ದೆಯಲ್ಲಿ ಇವನ್ನು ಎಣಿಸುವ ಸರಿಯಾದ ವಿಧಾನ ಯಾವುದು?

ಎಂಟುಗಣ್ಣು:

ಬರೆಯಬೇಡಿ. ಫೋಟೋದಿಂದ ಕುಲದವರೆಗೆ ಹೋಗಬಹುದು, ಕೆಲವೊಮ್ಮೆ ಅದೂ ಆಗದು. ತೋಳ ಜೇಡಗಳ ಬೆನ್ನಿನ ಪಟ್ಟಿಗಳು ಹತ್ತಾರು ಪ್ರಭೇದಗಳಲ್ಲಿ ಒಂದೇ ಥರ, ಒಂದೇ ಪ್ರಭೇದದೊಳಗೂ ಬಣ್ಣ ಬದಲಾಗುತ್ತದೆ. ಪ್ರಭೇದ ತಿಳಿಯಲು ಬೆಳೆದ ಹೆಣ್ಣಿನ ಹೊಟ್ಟೆಯಡಿಯ ಎಪಿಜೈನ್ (ಜನನಾಂಗದ ಗಟ್ಟಿ ಫಲಕ) ಅಥವಾ ಬೆಳೆದ ಗಂಡಿನ ಪೆಡಿಪಾಲ್ಪ್ (ಬಾಯಿಯ ಪಕ್ಕದ ಪುಟ್ಟ ಕಾಲಿನಂಥ ಅಂಗ) ತುದಿಯ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮರಿಗಳಲ್ಲಿ ಇವೆರಡೂ ಬೆಳೆದಿರುವುದಿಲ್ಲ, ಆದ್ದರಿಂದ ಮರಿಗೆ ಪ್ರಭೇದದ ಹೆಸರು ಕೊಡಲೇಬಾರದು.

ಇನ್ನೊಂದು ತೊಡಕು: ಹಳೆಯ ಪಟ್ಟಿಗಳಲ್ಲಿ ಭಾರತದ ಎಷ್ಟೋ ಜೇಡಗಳು ಲೈಕೋಸಾ ಕುಲದಡಿ ಕೂತಿವೆ. ನಿಜವಾದ ಲೈಕೋಸಾ ಮೆಡಿಟರೇನಿಯನ್ ಸುತ್ತಲಿನದು. ಆಸ್ಟ್ರೇಲಿಯಾದಲ್ಲಿ ಇಂಥವನ್ನು ಬೇರೆ ಕುಲಗಳಿಗೆ ಸರಿಸುವ ಕೆಲಸ ಬಹಳ ಮುಂದೆ ಹೋಗಿದೆ, ನಮ್ಮಲ್ಲಿ ಬಾಕಿ ಇದೆ. ಹಾಗಾಗಿ ‘ಲೈಕೋಸಾ’ ಎಂದು ಕಂಡಲ್ಲೆಲ್ಲ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಳ್ಳಿ.

ಒಂದು ಜೇಡಕ್ಕೆ ನಾಲ್ಕು ಫೋಟೋ ಬೇಕು: ಎದುರಿನಿಂದ ಕಣ್ಣು, ನೇರ ಮೇಲಿನಿಂದ, ಪಕ್ಕದಿಂದ, ಹೊಟ್ಟೆಯಡಿ. ಹೊಟ್ಟೆಯಡಿ ತೆಗೆಯಲು ಎರಡು ಪ್ಲಾಸ್ಟಿಕ್ ಲೋಟ ಸಾಕು. ಒಂದರ ತಳ ಕತ್ತರಿಸಿ ಅಡುಗೆಮನೆಯ ತೆಳು ಪಾರದರ್ಶಕ ಹಾಳೆ ಬಿಗಿದು ಕಟ್ಟಿ. ಜೇಡವನ್ನು ಒಳಗೆ ಬಿಡಿ. ಎರಡನೇ ಲೋಟದ ತಳಕ್ಕೆ ಮೆತ್ತನೆಯ ಸ್ಪಂಜ್ ಅಂಟಿಸಿ ಒಳಗೆ ನಿಧಾನ ಒತ್ತಿ, ಜೇಡ ಹಾಳೆಗೆ ತಾಗಿ ನಿಲ್ಲುವಷ್ಟು ಮಾತ್ರ. ಸ್ಪಂಜ್ ಗಟ್ಟಿಯಾಗಿದ್ದರೆ ಕಾಲು ಮುರಿಯುತ್ತದೆ. ಹಾಳೆ ಸಡಿಲವಾಗಿದ್ದರೆ ಸುಕ್ಕು ಬಿದ್ದು ಬೆಳಕು ಚದುರಿ ಏನೂ ಕಾಣದು. ಚೀಲ ಅಥವಾ ಮರಿ ಹೊತ್ತ ತಾಯಿಗೆ ಇದನ್ನು ಮಾಡಬೇಡಿ, ಗಾಬರಿಯಲ್ಲಿ ಮರಿಗಳು ಉದುರುತ್ತವೆ. ಕಾಡಿನೊಳಗೆ ಹಿಡಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಭತ್ತದತೆಂಡೆ:

ಗದ್ದೆಯ ಜೇಡದ ಬಗ್ಗೆ. ನೀವು ವಿವರಿಸಿದ್ದು ಪಾರ್ಡೋಸಾ ಸೂಡೋಆನ್ಯುಲೇಟಾ ಆಗಿರುವ ಸಂಭವ ಹೆಚ್ಚು, ಏಷ್ಯಾದ ಭತ್ತದ ಗದ್ದೆಗಳಲ್ಲೆಲ್ಲ ಇದೆ. ತಲೆ-ಎದೆ ಭಾಗದ ಮೇಲೆ ಕವೆಗೋಲಿನಂಥ ತಿಳಿ ಗುರುತು ಇರುತ್ತದೆ. ಮೇಲೆ ಹೇಳಿದಂತೆ, ಬೆಳೆದ ಹೆಣ್ಣನ್ನು ಪರೀಕ್ಷಿಸುವವರೆಗೆ ಪಟ್ಟಿಯಲ್ಲಿ ‘ಪಾರ್ಡೋಸಾ’ ಎಂದಷ್ಟೇ ಇರಲಿ.

ದಿನಕ್ಕೆ 5ರಿಂದ 15 ಬೇಟೆ ತಿನ್ನುತ್ತದೆ. ಭತ್ತದ ರಸ ಹೀರುವ ಕಂದು ಜಿಗಿಹುಳು ಇರುವುದು ತೆಂಡೆಯ ಬುಡದಲ್ಲಿ, ನೀರಿಗೆ ಹತ್ತಿರ. ಈ ಜೇಡ ತಿರುಗುವುದೂ ಅಲ್ಲೇ. ನಾಟಿಯಾದ ಹೊಸತರಲ್ಲೇ, ಜಿಗಿಹುಳು ಹೆಚ್ಚುವ ಮೊದಲೇ ಗದ್ದೆಗೆ ಇಳಿಯುತ್ತದೆ. ಆಗ ತಿನ್ನಲು ಏನಿರುತ್ತದೆ? ಕೊಳೆಯುವ ಸಾವಯವ ಪದಾರ್ಥದಲ್ಲಿ ಹುಟ್ಟುವ ನೊಣ, ಸ್ಪ್ರಿಂಗ್‌ಟೇಲ್‌ನಂಥ ಸಣ್ಣ ಜೀವಿಗಳು. ಜಾವಾದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿದೆ. ಕೊಟ್ಟಿಗೆ ಗೊಬ್ಬರ ಬಿದ್ದ ಗದ್ದೆಯಲ್ಲಿ ಜೇಡಕ್ಕೆ ಮೊದಲ ವಾರಗಳ ಊಟ ಸಿಗುತ್ತದೆ.

ಕೆಡುವುದು ಎಲ್ಲಿ ಅಂದರೆ ಮುಂಚಿತ ಸಿಂಪಡಣೆಯಲ್ಲಿ. ಡೆಲ್ಟಾಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಕೀಟನಾಶಕ ಹೊಡೆದರೆ ಜೇಡ ಸಾಯುತ್ತದೆ. ಜಿಗಿಹುಳುವಿನ ಮೊಟ್ಟೆಗಳು ಎಲೆಯ ಒರೆಯೊಳಗೆ ಸೇರಿಕೊಂಡಿರುವುದರಿಂದ ಉಳಿಯುತ್ತವೆ. ಅವು ಒಡೆದಾಗ ತಿನ್ನುವವರಿಲ್ಲ, ಕೀಟ ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ಇಂಡೊನೇಷ್ಯಾ 1986ರಲ್ಲಿ 57 ಕೀಟನಾಶಕಗಳನ್ನು ಭತ್ತಕ್ಕೆ ನಿಷೇಧಿಸಿದ್ದು ಈ ಪೆಟ್ಟು ತಿಂದ ಮೇಲೆ.

ಎಣಿಕೆ ಹೀಗೆ ಮಾಡಿ: ಗದ್ದೆಯ ಮೂಲೆಯಿಂದ ಮೂಲೆಗೆ ಓರೆಯಾಗಿ ನಡೆದು 20 ಬುಡ (ಒಂದೇ ಕಡೆ ನಾಟಿ ಮಾಡಿದ ತೆಂಡೆಗಳ ಗುಂಪು) ಆರಿಸಿ, ಅಂಚಿನ ಸಾಲುಗಳನ್ನು ಬಿಡಿ. ಬುಡ ಮುಟ್ಟುವ ಮೊದಲು ಜೇಡಗಳನ್ನು ಎಣಿಸಿ, ನೆರಳು ಬಿದ್ದರೂ ಓಡುತ್ತವೆ. ಆಮೇಲೆ ಬುಡ ಬಾಗಿಸಿ ಎರಡು ಮೂರು ಸಲ ತಟ್ಟಿ, ನೀರಿಗೆ ಬಿದ್ದ ಜಿಗಿಹುಳು ಎಣಿಸಿ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಅಳತೆ ಉಪಯುಕ್ತ: ಜೇಡ ಇಲ್ಲದಿದ್ದರೆ ತೆಂಡೆಗೆ 1 ಜಿಗಿಹುಳು ಕಂಡಾಗ ಕ್ರಮ ಕೈಗೊಳ್ಳಬೇಕು, ಬುಡಕ್ಕೆ ಒಂದು ಜೇಡ ಇದ್ದರೆ ತೆಂಡೆಗೆ 2ರವರೆಗೆ ಕಾಯಬಹುದು. ಮಕ್ಕಳು ಲೆಕ್ಕ ಹಾಕಿ ಮನೆಯವರಿಗೆ ಹೇಳುವಂಥ ಅಂಕಿ ಇದು.

ಮರಳುಬಿಲ:

ಬದು, ಮೈದಾನಗಳಿಗೆ ಗುಂಡಿ ಬೋನು ನಡೆಯುತ್ತದೆ, ನೀರು ನಿಂತ ಗದ್ದೆಗೆ ಅಲ್ಲ. ಲೋಟದ ಅಂಚು ನೆಲಕ್ಕೆ ಸಮ ಇರಬೇಕು. ಕೂದಲೆಳೆಯಷ್ಟು ಮೇಲಿದ್ದರೂ ಜೇಡ ಬಳಸಿಕೊಂಡು ಹೋಗುತ್ತದೆ. ಮೇಲೆ 2-3 ಸೆಂ.ಮೀ. ಬಿಟ್ಟು ಹಂಚಿನ ಚೂರು ಮುಚ್ಚಿ, ಇಲ್ಲದಿದ್ದರೆ ಮಳೆ ನೀರು ತುಂಬುತ್ತದೆ. ಮಕ್ಕಳ ಕೂಟವಾದ್ದರಿಂದ ಜೇಡ ಕೊಲ್ಲುವ ದ್ರಾವಣ ಹಾಕಬೇಡಿ, ಒಣ ಲೋಟದ ತಳಕ್ಕೆ ಸಣ್ಣ ತೂತು ಮಾಡಿ ತರಗೆಲೆ ಹಾಕಿ. ಎಲೆ ಇಲ್ಲದಿದ್ದರೆ ಒಳಬಿದ್ದ ಜೇಡಗಳು ಒಂದನ್ನೊಂದು ತಿನ್ನುತ್ತವೆ. ಸಂಜೆ ಇಟ್ಟು ಬೆಳಗ್ಗೆ ಬೇಗ ತೆಗೆಯಿರಿ. ಬೋನಿಗೆ ಬೀಳುವುದು ಹೆಚ್ಚು ಓಡಾಡುವ ಜೇಡ. ಹೆಣ್ಣು ಹುಡುಕುವ ಕಾಲದಲ್ಲಿ ಗಂಡುಗಳೇ ಜಾಸ್ತಿ ಸಿಗುತ್ತವೆ, ಅದನ್ನು ಒಟ್ಟು ಸಂಖ್ಯೆ ಎಂದುಕೊಳ್ಳಬೇಡಿ.

ರಾತ್ರಿ ನೋಡುವುದಾದರೆ ತಲೆಗೆ ಕಟ್ಟುವ ಟಾರ್ಚ್ ಬೇಕು, ಅಥವಾ ಕೈಟಾರ್ಚನ್ನು ಕಣ್ಣಿನ ಪಕ್ಕಕ್ಕೇ ಹಿಡಿಯಿರಿ. ಇವುಗಳ ಕಣ್ಣಿನ ಹಿಂಪದರ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತದೆ. ಟಾರ್ಚ್ ಸೊಂಟದ ಎತ್ತರದಲ್ಲಿದ್ದರೆ ಆ ಬೆಳಕು ನಿಮ್ಮ ಕಣ್ಣಿಗೆ ಬರುವುದಿಲ್ಲ. ಹಸಿರು ಬೆರೆತ ಬಿಳಿ ಚುಕ್ಕೆ ಅಲುಗದೆ ಹೊಳೆದರೆ ಜೇಡ. ತಲೆ ಅಲುಗಿದಾಗ ಮಿನುಗಿ ಬಣ್ಣ ಬದಲಿಸಿದರೆ ಇಬ್ಬನಿ. ಚುಕ್ಕೆಯ ಮೇಲೆ ಕಣ್ಣಿಟ್ಟೇ ಹತ್ತಿರ ಹೋಗಿ, ನೋಟ ತಪ್ಪಿಸಿದರೆ ಮತ್ತೆ ಸಿಗುವುದು ಕಷ್ಟ. ಒಂದೇ ಬೆನ್ನಿನ ಮೇಲೆ ಹತ್ತಾರು ಸೂಜಿಮೊನೆ ಹೊಳಪು ಕಂಡರೆ ಅದು ಮರಿ ಹೊತ್ತ ತಾಯಿ.

ಪೋಷಕರು ಕಡಿತದ ಬಗ್ಗೆ ಕೇಳುತ್ತಾರೆ. ಬ್ರೆಜಿಲ್‌ನಲ್ಲಿ ಚರ್ಮ ಕೊಳೆಯುವ ಗಾಯಗಳಿಗೆ ಬಹುಕಾಲ ತೋಳ ಜೇಡವೇ ಕಾರಣ ಎನ್ನುತ್ತಿದ್ದರು. ಸಾವೊ ಪೌಲೊದಲ್ಲಿ 515 ಕಡಿತಗಳನ್ನು ಪರಿಶೀಲಿಸಿ 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಗಾಯ ಒಂದರಲ್ಲೂ ಕಾಣಲಿಲ್ಲ, ಬಹುತೇಕರಿಗೆ ಇದ್ದದ್ದು ನೋವು ಮಾತ್ರ. ಕಚ್ಚಿದರೆ ಸೋಪು ನೀರಿನಲ್ಲಿ ತೊಳೆದು ತಣ್ಣನೆಯ ಬಟ್ಟೆ ಇಡಿ. ರಾತ್ರಿ ಬದುವಿನ ಮೇಲೆ ನಿಜವಾಗಿ ಎಚ್ಚರ ಬೇಕಾದ್ದು ಹಾವಿನ ಬಗ್ಗೆ: ಮಕ್ಕಳಿಗೆ ಮೊಣಕಾಲುದ್ದದ ಗಂಬೂಟು ಹಾಕಿಸಿ, ಕೈಯನ್ನು ಹುಲ್ಲಿನೊಳಗೆ ಹಾಕಲು ಬಿಡಬೇಡಿ.