ಚುಕ್ಕಿ ವಿಡಿಯೋ ಪೂರ್ತಿ ನೋಡಿ ಆಮೇಲೆ ಮಾತಾಡಿ

ಗುಂಪು: ನಮ್ಮನೆ ಮಂದಿ

ನಾನು: [ವಿಡಿಯೋ, 1:12]

ನಾನು: ಇವತ್ತು ಬೆಳಿಗ್ಗೆ ತೆಗ್ದಿದ್ದು. ನಮ್ಮ ಕುದುರೆ ಚುಕ್ಕೀನ ತಿಂಗಳ ದುಡ್ಡು ಕೊಟ್ಟು ಬಿಟ್ಟಿದೀವಲ್ಲ, ಆ ಲಾಯಕ್ಕೆ ಫೋನ್ ಮಾಡ್ದೇನೇ ಹೋದೆ. ಬಕೆಟಲ್ಲಿ ತಳದಲ್ಲಿ ಪಾಚಿ ಬಿಟ್ರೆ ಏನಿಲ್ಲ, ಲಾಯದೊಳಗೆ ಕಾಲಿಟ್ರೆ ಮೂತ್ರದ ಘಾಟು ಕಣ್ಣು ಉರಿಯೋಷ್ಟು, ಪಕ್ಕೆಲುಬು ಒಂದೊಂದೂ ಕಾಣ್ತಿದೆ ನೋಡಿ, 0:40ರಲ್ಲಿ ಸೊಂಟದ ಮೂಳೆ

ಅಮ್ಮ: ಅಯ್ಯೋ ಶಿವನೇ ಇದು ನಮ್ ಚುಕ್ಕಿನೇನೇ

ಅಜ್ಜು: ಅಕ್ಕ ನನಗೆ ಒರಿಜಿನಲ್ ಫೈಲ್ ಕಳ್ಸು, ಇವತ್ತೇ ಇನ್‌ಸ್ಟಾಗೆ ಹಾಕ್ತೀನಿ ಅವ್ನ ಲಾಯದ ಪೇಜ್ ಟ್ಯಾಗ್ ಮಾಡಿ, ಸಂಜೆ ಒಳಗೆ ನೋಡು ಹೆಂಗ್ ಓಡ್ ಬರ್ತಾನೆ

ದೊಡ್ಡಪ್ಪ: ಅಜ್ಜು ಸ್ವಲ್ಪ ತಡ್ಕೋ. ನೀವೆಲ್ಲ ಒಂದು ನಿಮಿಷದ ವಿಡಿಯೋ ನೋಡಿ ಮನುಷ್ಯನ ಮಾನ ತೆಗೆಯೋಕೆ ಹೊರಟ್ರೆ ಹೆಂಗಪ್ಪ. ಲಾಯದವರು ನನಗೆ ಬ್ಯಾಂಕಿಂದ ಪರಿಚಯ, ನಾನೇ ಹೇಳಿ ಅಲ್ಲಿ ಬಿಡ್ಸಿದ್ದು. ರೇಸಲ್ಲಿ ಓಡಿದ ಕುದುರೆ ಯಾವಾಗ್ಲೂ ಸಣ್ಣಗೇ ಇರುತ್ತೆ. ಸೈಸ್‌ಗಳು (ಕುದುರೆ ನೋಡ್ಕೊಳೋ ಆಳುಗಳು) ಹಬ್ಬಕ್ಕೆ ಊರಿಗೆ ಹೋಗಿರ್ತಾರೆ ಈಗ

ನಾನು: ದೊಡ್ಡಪ್ಪ ಹಬ್ಬ ಮುಗಿದು ಎಷ್ಟು ದಿನ ಆಯ್ತು ಹೇಳಿ

ಡಾಕ್ಟರ್ ಮಾವ: ರೇಸ್ ಕುದುರೆ ತೆಳ್ಳಗಿರೋದು ಬೇರೆ ಇದು ಬೇರೆ ಭಾವ. ಓಡೋ ಕುದುರೆಗೆ ಪಕ್ಕೆಲುಬು ಸ್ವಲ್ಪ ಕಂಡ್ರೂ ಬೆನ್ನ ಮೇಲೆ, ತೊಡೆ ಮೇಲೆ ಮಾಂಸ ತುಂಬಿರುತ್ತೆ. ಇವಳಿಗೆ ಬೆನ್ನುಮೂಳೆ ಎರಡೂ ಪಕ್ಕ ಮಾಂಸ ಇಳಿದೋಗಿದೆ. ಮೈ ಎಷ್ಟು ತುಂಬಿದೆ ಅಂತ 1ರಿಂದ 9ರ ತನಕ ಒಂದು ಅಂಕ ಕೊಡ್ತೀವಿ ನಾವು, 5 ಅಂದ್ರೆ ಪಕ್ಕೆಲುಬು ಕೈಗೆ ಸಿಗುತ್ತೆ ಕಣ್ಣಿಗೆ ಕಾಣಲ್ಲ. ಇದು 3 ದಾಟಲ್ಲ

ಡಾಕ್ಟರ್ ಮಾವ: ಆದ್ರೆ ಸಿಂಧು, ಹಲ್ಲು ಮತ್ತು ಹೊಟ್ಟೆ ಹುಳ ನೋಡದೆ ಪೂರ್ತಿ ತಪ್ಪು ಅವನ ಮೇಲೆ ಹಾಕ್ಬೇಡ. ಹಿಂದಿನ ಹಲ್ಲಿಗೆ ಮೊನೆ ಬಂದಿದ್ರೆ ಎಷ್ಟು ಹುಲ್ಲು ಹಾಕಿದ್ರೂ ಅಗಿಯಕ್ಕಾಗ್ದೆ ಉಂಡೆ ಮಾಡಿ ಉಗಿಯುತ್ತೆ. ಉಂಡೆ ಬಿದ್ದಿತ್ತಾ ನೆಲದ ಮೇಲೆ? ಟೇಪ್ ಹಿಡ್ದ್ಯಾ?

ನಾನು: ಉಂಡೆ ಇಲ್ಲ ಮಾವ, ಉಗಿಯೋಕೆ ಹುಲ್ಲೇ ಇಲ್ವಲ್ಲ. ಟೇಪ್ ಹಿಡ್ದೆ ನೀವು ಹೇಳ್ಕೊಟ್ಟ ಹಾಗೇನೆ, ಎದೆ ಸುತ್ತ 176 ಸೆಂಟಿಮೀಟರ್, ಭುಜದ ಮೊನೆಯಿಂದ ಹಿಂಭಾಗದ ತನಕ 160. ಅಲ್ಲಿಗೆ ಬಿಟ್ಟಾಗ ಎದೆ ಸುತ್ತ 185 ಇತ್ತು, ನಿಮ್ಮ ಕೈಬರಹದಲ್ಲೇ ಇದೆ ಡೈರೀಲಿ

ಡಾಕ್ಟರ್ ಮಾವ: ಎದೆ ಸುತ್ತಳತೆನ ಅದ್ರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸು. ಆಗ ಸುಮಾರು 461 ಕೆಜಿ. ಈಗ 417. ಅಂದಾಜೇ ಇದು, ತಕ್ಕಡಿ ಅಲ್ಲ, ಆದ್ರೂ 40 ಕೆಜಿ ಮೇಲೆ ಹೋಗಿದೆ. ಅಷ್ಟು ಸುಮ್ನೆ ಹೋಗಲ್ಲ

ಅಮ್ಮ: 40 ಕೆಜಿನಾ!! ಪಾಪ ನಮ್ಮ ಕೂಸು

ದೊಡ್ಡಪ್ಪ: ಬೇಸಿಗೇಲಿ ಹಸಿ ಮೇವು ಸಿಗಲ್ಲ ಎಲ್ಲರಿಗೂ ಗೊತ್ತಿರೋದೇ

ನಾನು: ಹಸಿ ಮೇವು ಸಿಗಲ್ಲ ಅಂದ್ರೆ ಬಿಲ್ಲಲ್ಲಿ ಕುದುರೆ ಮೆಂತೆ (ಲೂಸರ್ನ್ ಮೇವು) ಅಂತ ಪ್ರತಿ ತಿಂಗಳು ದುಡ್ಡು ಯಾಕೆ ತಗೋತಾರೆ ದೊಡ್ಡಪ್ಪ, ಗೋದಲೀಲಿ ಇದ್ದಿದ್ದು ಒಂದು ಹಿಡಿ ಭತ್ತದ ಹುಲ್ಲು ಅದೂ ಬೂಷ್ಟು ಹಿಡ್ದಿದ್ದು. ಲಾಳಕ್ಕೂ ಬಿಲ್ ಇದೆ. ಲಾಳ ಕಟ್ಟೋರಿಗೆ ನಾನೇ ಫೋನ್ ಮಾಡ್ದೆ, ಅವರು ಆ ಕಡೆ ಹೋಗಿ ಮೂರು ತಿಂಗಳ ಮೇಲಾಯ್ತಂತೆ, ದುಡ್ಡು ಬಾಕಿ ಇಟ್ಟಿದ್ದಾರೆ ಅಂತ ಹೋಗೋದೇ ಬಿಟ್ಟಿದ್ದಾರಂತೆ

ಡಾಕ್ಟರ್ ಮಾವ: ಆರರಿಂದ ಎಂಟು ವಾರಕ್ಕೆ ಒಂದ್ಸಲ ಗೊರಸು ಕೆತ್ತಲೇಬೇಕು. ಗೊರಸಿನ ತಳ ನೋಡ್ದ್ಯಾ

ನಾನು: ಮುಂದಿನ ಎಡಗಾಲಲ್ಲಿ ಕಪ್ಪಗೆ ಮೆತ್ತಗೆ ಆಗಿದೆ, ವಾಸನೆ ಅಂದ್ರೆ ಹೇಳಕ್ಕಾಗಲ್ಲ

ಡಾಕ್ಟರ್ ಮಾವ: ಕೊಳೆತಿದೆ. ಒದ್ದೆ ಹಾಸಲ್ಲಿ ನಿಲ್ಸಿದ್ರೆ ಹಂಗೇ ಆಗೋದು. ವಾಸಿ ಆಗುತ್ತೆ, ಆದ್ರೆ ಒಣ ಜಾಗ ಬೇಕು, ಅಲ್ಲೇ ಇಟ್ಕೊಂಡು ಔಷಧಿ ಹಚ್ಚಿದ್ರೆ ದಂಡ. ನನಗೆ ಜಾಸ್ತಿ ಭಯ ನೀರಿಂದು. ದಿನಕ್ಕೆ 25ರಿಂದ 50 ಲೀಟರ್ ಕುಡಿಯೋ ಪ್ರಾಣಿ, ಒಣ ಹುಲ್ಲು ತಿಂದು ನೀರಿಲ್ಲ ಅಂದ್ರೆ ಕರುಳಲ್ಲಿ ಕಟ್ಕೊಳುತ್ತೆ, ಕುದುರೆಗೆ ವಾಂತಿ ಮಾಡಕ್ಕೂ ಆಗಲ್ಲ. ಹೊಟ್ಟೆ ಶೂಲೆ ಬಂದ್ರೆ ಒಂದು ರಾತ್ರಿ ಸಾಕು

ಅಜ್ಜು: ಅಕ್ಕ ಇದ್ ನೋಡು [ಫೋಟೋ] [ಫೋಟೋ] [ಫೋಟೋ]

ಅಜ್ಜು: ಅವ್ನ ಪೇಜಿಂದಾನೇ ತೆಗ್ದೆ. ವೀಕೆಂಡ್ ರೈಡಿಂಗ್ ಕ್ಲಾಸ್ ಅಂತೆ. ಹಣೆ ಮೇಲೆ ಚುಕ್ಕಿ, ಹಿಂದಿನ ಬಲಗಾಲಲ್ಲಿ ಬಿಳಿ ಸಾಕ್ಸ್. ಇದು ಚುಕ್ಕಿ ಅಲ್ದೆ ಇನ್ಯಾರು?? ಮೂರನೇದ್ರಲ್ಲಿ ಮದುವೆ ಗಂಡು ಕೂತಿದಾನೆ ಅವಳ ಮೇಲೆ, ಪಕ್ಕದಲ್ಲಿ ಬ್ಯಾಂಡ್ ಸೆಟ್

ನಾನು: ಅದಕ್ಕೇ ಜೀನಿನ ಹೊಟ್ಟೆ ಪಟ್ಟಿ ಕಟ್ಟೋ ಹತ್ರ ಗಾಯ!! ನಾನು ಸವಾರಿ ಮಾಡಿ ಎಷ್ಟು ಕಾಲ ಆಯ್ತು, ಗಾಯ ಎಲ್ಲಿಂದ ಬಂತು ಅಂತ ತಲೆ ಕೆಡಿಸ್ಕೊಂಡಿದ್ದೆ. ಊಟ ಹಾಕದೆ ದುಡಿಸಿದ್ದಾರೆ

ಅಮ್ಮ: ಭಾವನೋರೇ ಇದೇನ್ ಇದು, ನೀವು ಹೇಳಿದ್ರಿ ಅಂತ ಬಿಟ್ವಿ

ದೊಡ್ಡಪ್ಪ: ಈಗ ಎಲ್ಲಾ ನನ್ ತಲೆಗೇ ಕಟ್ಟಿ. ಒಂದೆರಡು ಸಲ ಮಕ್ಕಳನ್ನ ಕೂರ್ಸಿರ್ಬಹುದು, ಕುದುರೆಗೂ ವ್ಯಾಯಾಮ ಬೇಡ್ವಾ. ನಾನು ಫೋನ್ ಮಾಡಿ ಕೇಳ್ತೀನಿ ಇರಿ

ನಾನು: ಬೇಡ ದೊಡ್ಡಪ್ಪ ಪ್ಲೀಸ್ ಇನ್ನೂ ಫೋನ್ ಮಾಡ್ಬೇಡಿ

ನಾನು: ದೊಡ್ಡಪ್ಪ?

ಅಜ್ಜು: ಮಾಡಿರ್ತಾರೆ ಬಿಡು

ಪಾಚು ಅಣ್ಣ ಲೀಡ್ಸ್: ಈಗ ಎದ್ದು ನೋಡ್ದೆ. ಅಪ್ಪ ಫೋನ್ ಮಾಡ್ಬೇಡಿ. ಇಲ್ಲಿ ಮಗಳ ಪೋನಿ (ಗಿಡ್ಡ ಕುದುರೆ) ಇಟ್ಟಿದ್ದ ಮೊದಲನೇ ಯಾರ್ಡಲ್ಲಿ, ಅಂದ್ರೆ ಲಾಯದಲ್ಲಿ, ಸೇಮ್ ಕಥೆ, ಫುಲ್ ಲಿವರಿ ಅಂತ ದುಡ್ಡು, ಅಂದ್ರೆ ಮೇವು ಕ್ಲೀನಿಂಗ್ ಎಲ್ಲಾ ಅವರದ್ದೇ, ಆದ್ರೆ ಮಧ್ಯಾಹ್ನದ ಹುಲ್ಲು ಹಾಕ್ತಾನೇ ಇರ್ಲಿಲ್ಲ. ಇಂಗ್ಲೆಂಡಲ್ಲೂ ರೈಡಿಂಗ್ ಸ್ಕೂಲಿಗೆ ಲೈಸೆನ್ಸ್ ಬೇಕು, ಬರೀ ಬೇರೆಯವ್ರ ಕುದುರೆ ಇಟ್ಕೊಳೋ ಯಾರ್ಡಿಗೆ ಬೇಡ, ಯಾರು ಬೇಕಾದ್ರೂ ಗೇಟಿಗೆ ಬೋರ್ಡ್ ಹಾಕ್ಬಹುದು. ನಾವು ಮೊದಲು ಕಂಪ್ಲೇಂಟ್ ಮಾಡಿ ಆಮೇಲೆ ಜಾಗ ಹುಡುಕೋಕೆ ಹೋದ್ವಿ, ಮಧ್ಯದಲ್ಲಿ ಆ ಪೋನಿ ಯಾರ್ಡ್ ನಡೆಸೋಳ ಕೈಲೇ ಇತ್ತು, ಏನ್ ಮಾಡ್ತಾಳೋ ಅಂತ ನಿದ್ದೆ ಇಲ್ಲ ಮನೇಲಿ ಯಾರಿಗೂ. ಜಾಗ ಮೊದಲು, ಜಗಳ ಆಮೇಲೆ

ಅಜ್ಜು: ಅಷ್ಟೆಲ್ಲ ಯಾಕೆ ಅಣ್ಣ, ಈ ತಿಂಗಳ ದುಡ್ಡು ಕೊಡೋದೇ ಬೇಡ. ಬಾಯ್ ಬಿಡ್ತಾನೆ ಆಗ

ಲಾಯರ್ ಅತ್ತೆ: ಕೋರ್ಟಲ್ಲಿದ್ದೆ ಈಗ ನೋಡ್ತಿದೀನಿ. ಅಜ್ಜು ಅದೊಂದು ಮಾಡ್ಬೇಡಿ. ದುಡ್ಡು ನಿಲ್ಸಿದ ತಕ್ಷಣ ಅವನು ಬಾಕಿ ಇದೆ ಕುದುರೆ ಬಿಡಲ್ಲ ಅಂತಾನೆ. ಬರೀ ಹುಲ್ಲು ನೀರು ಹಾಕಿದ್ದಕ್ಕೆ ಕಾಂಟ್ರಾಕ್ಟ್ ಆಕ್ಟ್ 170ನೇ ಸೆಕ್ಷನ್ ಕೆಳಗೆ ಹಂಗೆ ಹಿಡ್ಕೊಳೋ ಹಕ್ಕು ಇದೆಯಾ ಅಂತ ನಾನು ವಾದ ಮಾಡ್ಬಲ್ಲೆ, ಗೆಲ್ಲಲೂಬಹುದು, ಆದ್ರೆ ಆ ವಾದ ಮುಗಿಯೋ ಹೊತ್ತಿಗೆ ಚುಕ್ಕಿ ಇರ್ಬೇಕಲ್ಲ. ಇವತ್ತಿನ ತನಕದ ಪೂರ್ತಿ ದುಡ್ಡು ಬ್ಯಾಂಕಲ್ಲೇ ಹಾಕು ಸಿಂಧು, ನಗದು ಬೇಡ, ಆಕ್ಷೇಪಣೆ ಇಟ್ಕೊಂಡು ಕೊಡ್ತಿದೀನಿ ಅಂತ ಒಂದು ಸಾಲು ಮೆಸೇಜ್ ಮಾಡು

ಅಜ್ಜು: ಅತ್ತೆ ಕುದುರೆ ಉಪವಾಸ ಕೆಡವಿದೋನಿಗೆ ದುಡ್ಡು ಬೇರೆ ಕೊಡ್ಬೇಕಾ. ಪೊಲೀಸ್ ಕಂಪ್ಲೇಂಟ್ ಕೊಡಣ, ಪ್ರಾಣಿ ಹಿಂಸೆ ಕಾಯ್ದೆ ಇಲ್ವಾ

ಲಾಯರ್ ಅತ್ತೆ: ಇದೆ, 1960ರದ್ದು. 11ನೇ ಸೆಕ್ಷನ್, ಮೇವು ನೀರು ನೆರಳು ಕೊಡದೇ ಇರೋದು ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ, ಹತ್ತು ರೂಪಾಯಿಗೆ ಕಮ್ಮಿ ಇಲ್ದಂಗೆ ಐವತ್ತರ ತನಕ. ಐವತ್ತು ಸಾವಿರ ಅಲ್ಲ, ಐವತ್ತು ರೂಪಾಯಿ

ಅಜ್ಜು: ಸುಮ್ನೆ ಹೇಳ್ತಿದೀರಾ

ಲಾಯರ್ ಅತ್ತೆ: ಸುಮ್ನೆ ಹೇಳಕ್ಕೆ ನಿಮ್ಮ ಮಾವ ಇದಾರೆ. ಇನ್ನೊಂದು ಕೇಳು, ಆ ಕಾಯ್ದೇಲಿ ‘ಮಾಲೀಕ’ ಅಂದ್ರೆ ಸದ್ಯಕ್ಕೆ ಪ್ರಾಣಿ ಯಾರ ವಶದಲ್ಲಿದೆಯೋ ಅವ್ನೂ ಸೇರ್ತಾನೆ, ನಿಜವಾದ ಮಾಲೀಕಳೂ ಸೇರ್ತಾಳೆ. ಸ್ಟೇಷನ್ನಲ್ಲಿ ಅವನು ಮಾಡೋ ಮೊದಲ ಕೆಲಸ ಸಿಂಧು ಕಡೆ ಬೆರಳು ತೋರ್ಸೋದು, ಇವಳು ಬಂದು ನೋಡ್ತಾನೇ ಇರ್ಲಿಲ್ಲ ಅಂತ. ಅದಕ್ಕೇ ವಿಡಿಯೋ, ಅಳತೆ, ಬಿಲ್ಲು, ನೀನು ಕಳ್ಸಿದ ಹಳೇ ಮೆಸೇಜು ಎಲ್ಲಾ ತಾರೀಖಿನ ಪ್ರಕಾರ ಒಂದ್ ಕಡೆ ಇಡು

ಲಾಯರ್ ಅತ್ತೆ: ನನಗೆ ಬೇಕಾಗಿರೋದು ಆ ಮದುವೆ ಗಂಡಿನ ಫೋಟೋ. ಕಾಂಟ್ರಾಕ್ಟ್ ಆಕ್ಟ್ 1872ರದ್ದು ಅಲ್ವಾ, ಆಗ ಕಾರಿಲ್ಲ ಏನಿಲ್ಲ, ಅದ್ರಲ್ಲಿ ಉದಾಹರಣೆಗಳೇ ಕುದುರೇದು!! 153ರಲ್ಲಿ ಸವಾರಿಗೆ ಅಂತ ಬಾಡಿಗೆಗೆ ತಗೊಂಡ ಕುದುರೇನ ಗಾಡಿಗೆ ಕಟ್ಟಿದ್ರೆ ಮಾಲೀಕ ಅಲ್ಲಿಗೇ ಒಪ್ಪಂದ ಮುರ್ಕೋಬಹುದು. 154ರಲ್ಲಿ ನೀನೊಬ್ಬನೇ ಹತ್ತು ಅಂತ ಕೊಟ್ಟ ಕುದುರೆ ಮೇಲೆ ಮನೆಯವ್ರನ್ನ ಹತ್ತಿಸ್ದ, ಅವ್ರು ಜೋಪಾನವಾಗೇ ಓಡ್ಸಿದ್ರು, ಆದ್ರೂ ಕುದುರೆ ಬಿದ್ದು ಪೆಟ್ಟಾಯ್ತು, ನಷ್ಟ ಅವನೇ ಕಟ್ಕೊಡ್ಬೇಕು. ಇಟ್ಕೋ ನೋಡ್ಕೋ ಅಂತ ಕೊಟ್ಟಿದ್ದನ್ನ ಬಾಡಿಗೆಗೆ ಬಿಟ್ಟಿದ್ದಾನೆ ಇವನು. ಒಂದು ತಿಂಗಳ ನೋಟಿಸ್ ಕೊಡ್ಬೇಕು ಅಂತ ಅವನು ಹೇಳಿದ್ರೆ ಇದೇ ಉತ್ತರ

ಡಾಕ್ಟರ್ ಮಾವ: ಸುಮ್ನೆ ಹೇಳಕ್ಕೆ ನಾನಿದೀನಿ ಅಂದ್ಯಲ್ಲ, ಮನೆಗೆ ಬಾ

ದೊಡ್ಡಪ್ಪ: ಮಾತಾಡ್ದೆ. ಅವರು ತುಂಬಾ ಬೇಜಾರ್ ಮಾಡ್ಕೊಂಡ್ರು. ಹಲ್ಲು ಸರಿ ಇಲ್ಲ ಅಂತ ಸಿಂಧುಗೆ ಎಷ್ಟೋ ಸಲ ಹೇಳಿದ್ರಂತೆ, ಇವಳೇ ಡಾಕ್ಟರನ್ನ ಕರೆಸ್ಲಿಲ್ಲವಂತೆ. ಕ್ಲಾಸಿಗೆ ಬಳಸೇ ಇಲ್ಲ ಅಂದ್ರು

ನಾನು: [ಸ್ಕ್ರೀನ್‌ಶಾಟ್] ಇದು ನನ್ನದೂ ಅವ್ರದ್ದೂ ಪೂರ್ತಿ ಚಾಟ್, ಹಲ್ಲು ಅನ್ನೋ ಪದ ಎಲ್ಲಿದೆ ಹುಡುಕಿ. ‘ಚುಕ್ಕಿ ಸೂಪರ್ ಮೇಡಮ್’ ಅಂತ ಮೊನ್ನೆ ತಾನೆ ಹೆಬ್ಬೆಟ್ಟು ತೋರ್ಸಿದ್ದಾರೆ

ಅಜ್ಜು: ದೊಡ್ಡಪ್ಪ ನೀವು ಫೋಟೋ ವಿಷಯ ಹೇಳಿದ್ರಾ ಅವ್ರಿಗೆ??

ದೊಡ್ಡಪ್ಪ: ಕೇಳ್ದೆ ಅಷ್ಟೆ

ಅಜ್ಜು: ಮೂರೂ ಡಿಲೀಟ್. ಈಗ ತಾನೆ ನೋಡ್ದೆ. ವಾ

ಪಾಚು ಅಣ್ಣ ಲೀಡ್ಸ್: ಅಪ್ಪಾ...

ದೊಡ್ಡಪ್ಪ: ನನ್ ಮೇಲೆ ಕೂಗಾಡ್ಬೇಡ ಪಾಚು. ಅಲ್ಲಿ ಕೂತು ಹೇಳೋದು ಸುಲಭ. ನಾಳೆ ನಾನು ಅವರ ಮುಖ ನೋಡ್ಬೇಕು, ವಾಕಿಂಗಲ್ಲಿ ದಿನಾ ಸಿಗ್ತಾರೆ

ಪಾಚು ಅಣ್ಣ ಲೀಡ್ಸ್: ಮುಖ ನೋಡೋಕೆ ನಾಚಿಕೆ ಆಗ್ಬೇಕಾಗಿರೋದು ಅವ್ರಿಗೆ ಅಲ್ವಾ

ಲಾಯರ್ ಅತ್ತೆ: ಅಣ್ಣ, ನೀವು ಕೇಳಿದ್ದು ಒಳ್ಳೇ ಮನಸ್ಸಿಂದಾನೇ, ಗೊತ್ತು. ಆದ್ರೆ ಡಿಲೀಟ್ ಮಾಡಿದ್ರಲ್ಲಾ, ಬಳಸೇ ಇಲ್ಲ ಅನ್ನೋರು ಯಾಕೆ ತೆಗೀತಾರೆ? ಅಜ್ಜು ಇಳಿಸಿಟ್ಟಿದಾನೆ, ತೆಗೆದ ಹೊತ್ತೂ ಇವತ್ತಿನದೇ. ಅದೂ ನನ್ನ ನೋಟಿಸಿಗೆ ಬರುತ್ತೆ. ಈಗ ಇನ್‌ಸ್ಟಾ ಬೇಡ, ಚುಕ್ಕಿ ಈಚೆ ಬರೋ ತನಕ ಒಬ್ರೂ ಒಂದು ಸ್ಟೇಟಸ್ಸೂ ಹಾಕಲ್ಲ

ಅಜ್ಜು: ಆಮೇಲೆ?

ಲಾಯರ್ ಅತ್ತೆ: ಆಮೇಲೂ ನನ್ನ ಕೇಳಿ ಹಾಕು

ನಾನು: ಜಾಗ ನೋಡಿದೀನಿ. ಕನಕಪುರ ರಸ್ತೆ ಕಡೆ ನನ್ನ ಫ್ರೆಂಡ್ ತೋಟ, ಎರಡು ಕುದುರೆ ಇದೆ ಅವ್ಳದ್ದೇ, ಬೋರ್‌ವೆಲ್ ಇದೆ, ಸೈಸ್ ಅಲ್ಲೇ ಮನೆ ಮಾಡ್ಕೊಂಡಿದಾರೆ. ಇಳಿಜಾರು ಹಲಗೆ ಇರೋ ಗಾಡಿ ನಾಳೆ ಬೆಳಿಗ್ಗೆ ಆರಕ್ಕೆ ಸಿಗುತ್ತೆ

ಡಾಕ್ಟರ್ ಮಾವ: ನಾನೂ ಬರ್ತೀನಿ. ಹತ್ತಿಸೋ ಮುಂಚೆ ಅಲ್ಲೇ ನಿಲ್ಸಿ ನೋಡಿ ಬರೆದು ಸಹಿ ಹಾಕ್ತೀನಿ, ತೂಕ, ಗಾಯ, ಗೊರಸು, ಹಲ್ಲು ಎಲ್ಲಾ. ಹಲ್ಲು ಕೆಟ್ಟಿದ್ರೆ ಅದನ್ನೂ ಬರೀತೀನಿ, ಅಷ್ಟು ಹೇಳಿರ್ತೀನಿ ಈಗ್ಲೇ. ಮೈಕ್ರೊಚಿಪ್ ಓದೋ ಯಂತ್ರ ಸ್ನೇಹಿತನ ಹತ್ರ ತಗೋತೀನಿ. ಪಾಸ್‌ಪೋರ್ಟ್ ಪುಸ್ತಕ, ಅವಳ ಗುರುತು ಲಸಿಕೆ ಬರೆದಿರೋದು, ಯಾರ ಹತ್ರ ಇದೆ?

ನಾನು: ಅವ್ರ ಆಫೀಸಲ್ಲಿ 😐

ಲಾಯರ್ ಅತ್ತೆ: ಅದನ್ನ ಇವತ್ತೇ ಕೇಳು, ಡಾಕ್ಟರ್ ಲಸಿಕೆ ವಿವರ ಬರ್ಸೋಕೆ ಕೇಳ್ತಿದಾರೆ ಅನ್ನು

ಅಮ್ಮ: ನಾನು ಬೆಳಿಗ್ಗೇನೇ ಎದ್ದು ಹುರುಳಿ ಬೇಯಿಸಿ ಬೆಲ್ಲ ಹಾಕಿ ಒಂದು ದೊಡ್ಡ ಡಬರಿ ಕಳಿಸ್ತೀನಿ, ಹೊಟ್ಟೆ ತುಂಬಾ ತಿನ್ಲಿ

ಡಾಕ್ಟರ್ ಮಾವ: ಅತ್ತಿಗೆ ಖಂಡಿತ ಬೇಡ!! ಸೊರಗಿದ ಕುದುರೆಗೆ ಏಕ್‌ದಂ ಕಾಳು ಬೆಲ್ಲ ಹಾಕಿದ್ರೆ ರಕ್ತದಲ್ಲಿ ಲವಣ ಏರುಪೇರಾಗಿ ಹೃದಯಕ್ಕೇ ಹೊಡೆಯುತ್ತೆ, ಉಪವಾಸದಲ್ಲಿ ಬದುಕಿದ್ದ ಪ್ರಾಣಿ ತಿನ್ನಿಸಿದ ಮೇಲೆ ಸಾಯೋದು ನಾನೇ ನೋಡಿದೀನಿ. ಮೊದಲು ನೀರು. ಆಮೇಲೆ ಕುದುರೆ ಮೆಂತೆ ಒಣಗಿಸಿದ್ದು ಸ್ವಲ್ಪ ಸ್ವಲ್ಪ, ನಾಲ್ಕು ಗಂಟೆಗೊಂದ್ಸಲ, ರಾತ್ರಿನೂ. ಹತ್ತು ದಿನ ಆದ್ಮೇಲೆ ಅವಳು ಹೆಂಗಿದಾಳೆ ನೋಡಿ ಹುಲ್ಲು ಪೂರ್ತಿ ಬಿಡಣ. ಕಾಳು ಆಮೇಲಿನ ಮಾತು. ಹುಳದ ಔಷಧಿನೂ ತಕ್ಷಣ ಬೇಡ, ಲದ್ದಿ ಪರೀಕ್ಷೆ ಮಾಡ್ಸಿ ಕೊಡ್ತೀನಿ

ಅಮ್ಮ: ಸರಿ ನೀವು ಹೇಳ್ದಂಗೆ. ನಿಮಗೆಲ್ಲ ಉಪ್ಪಿಟ್ಟು ಕಳಿಸ್ತೀನಿ

ಡಾಕ್ಟರ್ ಮಾವ: ಆ ತೋಟದಲ್ಲಿ ಮೂರು ವಾರ ಬೇರೆ ಕುದುರೆಗಳಿಂದ ದೂರ ಕಟ್ಟಿಸ್ಬೇಕು, ಬಕೆಟ್ ಬೇರೆ, ಮೈ ಉಜ್ಜೋ ಬ್ರಷ್ ಬೇರೆ. ಅಂಥ ಲಾಯದಲ್ಲಿ ಯಾವ ಸೋಂಕಿದೆಯೋ. ಮೂಗಲ್ಲಿ ಗೊಣ್ಣೆ, ಗದ್ದದ ಕೆಳಗೆ ಗಂಟು ಕಂಡ್ರೆ ತಕ್ಷಣ ಫೋನ್ ಮಾಡು

ಪಾಚು ಅಣ್ಣ ಲೀಡ್ಸ್: ಸಿಂಧು ಹೊಸ ಜಾಗದಲ್ಲಿ ಫ್ರೆಂಡ್ ಆದ್ರೂ ಒಂದು ಪೇಪರ್ ಬರ್ಕೊ. ದಿನಕ್ಕೆ ಎಷ್ಟು ಕೆಜಿ ಹುಲ್ಲು, ಲಾಳ ಯಾರು ಕರೆಸ್ಬೇಕು, ರಾತ್ರಿ ಏನಾದ್ರೂ ಆದ್ರೆ ನಿನ್ನ ಕೇಳ್ದೆ ಡಾಕ್ಟರನ್ನ ಕರೆಸ್ಬಹುದಾ, ಬೇರೆ ಯಾರೂ ಹತ್ತಂಗಿಲ್ಲ, ಬಿಡೋಕೆ ಎಷ್ಟು ದಿನದ ನೋಟಿಸ್. ಇಲ್ಲಿ ನಮ್ಮದು ಎರಡು ಪುಟ ಇದೆ, ಕಳಿಸ್ತೀನಿ

ದೊಡ್ಡಪ್ಪ: ಬೆಳಿಗ್ಗೆ ನಾನೂ ಬರ್ತೀನಿ

ಅಜ್ಜು: ಯಾಕೆ?

ಅಮ್ಮ: ಅಜ್ಜು!

ದೊಡ್ಡಪ್ಪ: ನೀವು ಐದು ಜನ ಹೋಗಿ ಗೇಟಲ್ಲಿ ಗಲಾಟೆ ಆದ್ರೆ ಅವರು ಗೇಟೇ ತೆಗೆಯಲ್ಲ. ನಾನಿದ್ರೆ ತೆಗೀತಾರೆ. ಪಾಸ್‌ಪೋರ್ಟ್ ಪುಸ್ತಕ ನಾನೇ ಇಸ್ಕೊಡ್ತೀನಿ. ಆದ್ರೆ ಡಿಪಾಸಿಟ್ ವಿಷಯ ಅಲ್ಲಿ ಎತ್ಬೇಡಿ ನನ್ನ ಮುಂದೆ

ನಾನು: ಡಿಪಾಸಿಟ್ ಎರಡು ತಿಂಗಳ ಬಾಡಿಗೆ ದೊಡ್ಡಪ್ಪ, ಬಿಡಲ್ಲ ನಾನು

ಲಾಯರ್ ಅತ್ತೆ: ಅಲ್ಲಿ ಎತ್ತಲ್ಲ ಅಣ್ಣ. ಎರಡು ದಿನ ಬಿಟ್ಟು ನೋಟಿಸಲ್ಲಿ ಎತ್ತೀನಿ, ಡಿಪಾಸಿಟ್, ಹಾಕದೇ ಇರೋ ಮೇವು ಲಾಳದ ದುಡ್ಡು, ಚಿಕಿತ್ಸೆ ಖರ್ಚು. ಕೊಡದಿದ್ರೆ ಗ್ರಾಹಕರ ಆಯೋಗ, ಐದು ಲಕ್ಷದ ಒಳಗೆ ಫೀಸೂ ಇಲ್ಲ

ದೊಡ್ಡಪ್ಪ: ನೋಟಿಸಲ್ಲಿ ನನ್ನ ಹೆಸರು ಬರ್ಕೂಡ್ದು

ಲಾಯರ್ ಅತ್ತೆ: ಬರಲ್ಲ

ಅಜ್ಜು: ಐದೂವರೆಗೆ ಕಾರ್ ತರ್ತೀನಿ, ದೊಡ್ಡಪ್ಪ ನಿಮ್ಮನೆ ಹತ್ರ ಐದೂ ಮುಕ್ಕಾಲು. ಹಾರ್ನ್ ಮಾಡಲ್ಲ, ಕೆಳಗಿರಿ