ಉಗಾಂಡಾದಿಂದ ಬಂದ ಭಾವನಿಗೆ ಜ್ವರ, ಈಗ ಮಾತೂ ತಪ್ಪುತ್ತಿದೆ: ಎಂಆರ್‌ಐ ಮಾಡಿಸಬೇಕೆ?

ಹಡಪ್ಸರ್ ಕನ್ನಡತಿ:
ಭಾವ ಉಗಾಂಡಾದಲ್ಲಿ ಎರಡು ತಿಂಗಳು ಸೈಟ್ ಕೆಲಸ ಮುಗಿಸಿ ಪುಣೆಗೆ ಬಂದು 11 ದಿನ. ಮೂರು ದಿನದಿಂದ ಚಳಿಜ್ವರ. ಡೆಂಗಿ ನೆಗೆಟಿವ್, ಮಲೇರಿಯಾ ಸ್ಲೈಡ್ ಒಂದು ಸಲ ನೋಡಿದ್ದು ಅದೂ ನೆಗೆಟಿವ್. ‘ವೈರಲ್’ ಅಂದಿದ್ದಾರೆ. ಬೆಳಿಗ್ಗೆಯಿಂದ ಮಂಪರು, ಕೇಳಿದ್ದೊಂದು ಹೇಳುವುದೊಂದು. ಮಲೇರಿಯಾ ಬರದಿರಲೆಂದು ಡಾಕ್ಸಿಸೈಕ್ಲಿನ್ ಮಾತ್ರೆ ತಗೊಳ್ತಿದ್ದರು, ವಿಮಾನ ಹತ್ತಿದ ದಿನವೇ ನಿಲ್ಲಿಸಿದರಂತೆ. ಯೆಲ್ಲೋ ಫೀವರ್ ಲಸಿಕೆ ಆಗಿದೆ. ತಲೆಗೆ ಹುಳ ಹತ್ತಿರಬಹುದಾ? ಎಂಆರ್‌ಐ ಮಾಡಿಸಬೇಕೆ?

ಮಾಟುಂಗಾ ಡಾಕ್ಟರ್:
ಎಂಆರ್‌ಐ ಆಮೇಲೆ. ಈಗಲೇ ಐಸಿಯು ಇರುವ ಆಸ್ಪತ್ರೆಗೆ ಹೊರಡಿ. ಕ್ಯಾಷುಯಲ್ಟಿಯಲ್ಲಿ ಮೊದಲ ಮಾತೇ ‘ಉಗಾಂಡಾದಿಂದ ಬಂದು 11 ದಿನ’ ಅಂತಿರಲಿ. ಮಳೆಗಾಲದ ಡೆಂಗಿ, ಲೆಪ್ಟೊ (ಇಲಿಜ್ವರ) ಗದ್ದಲದಲ್ಲಿ ಕೇಸ್ ಪೇಪರ್ ಮೇಲೆ ಬರದೇ ಹೋಗುವುದು ಇದೊಂದೇ ಸಾಲು.

ಫಾಲ್ಸಿಪಾರಂ ಅನ್ನುವ ಅಪಾಯಕಾರಿ ಬಗೆಯ ಮಲೇರಿಯಾ ಮಿದುಳಿಗೆ ಏರಿರುವ ಸಾಧ್ಯತೆಯನ್ನೇ ಮೊದಲು ನೋಡಬೇಕು. ಪರೋಪಜೀವಿ ಹೊಕ್ಕ ಕೆಂಪುಕಣಗಳು ಮಿದುಳಿನ ಸಣ್ಣ ನಾಳಗಳ ಗೋಡೆಗೆ ಅಂಟಿ ಕೂರುತ್ತವೆ, ಬೆರಳಿನ ರಕ್ತದಲ್ಲಿ ಕೆಲವೇ ಸಿಗಬಹುದು. ಹಾಗಾಗಿ 12ರಿಂದ 24 ಗಂಟೆ ಅಂತರದಲ್ಲಿ ಮೂರು ಸಲ ಸ್ಲೈಡ್ ಆಗಬೇಕು, ಜೊತೆಗೆ ರಾಪಿಡ್ ಕಾರ್ಡ್ ಟೆಸ್ಟ್. ಗ್ಲೂಕೋಮೀಟರ್ ಇದ್ದರೆ ಹೊರಡುವಾಗಲೇ ಸಕ್ಕರೆ ನೋಡಿ, ಈ ಮಲೇರಿಯಾದಲ್ಲಿ ಅದು ಕುಸಿದರೂ ಇಂಥದ್ದೇ ಮಂಪರು. ಬಾಯಿಗೆ ಏನೂ ಹಾಕಬೇಡಿ.

ಚಿಕಿತ್ಸೆ ಶಿರೆಯ ಮೂಲಕ ಆರ್ಟಿಸುನೇಟ್ ಅನ್ನುವ ಮಲೇರಿಯಾ ಔಷಧ: ಕೆಜಿಗೆ 2.4 ಮಿಗ್ರಾಂ. 60 ಕೆಜಿಯವರಿಗೆ 144 ಮಿಗ್ರಾಂ, ಶುರುವಿನಲ್ಲಿ, 12ನೇ ಗಂಟೆಗೆ, 24ನೇ ಗಂಟೆಗೆ, ಆಮೇಲೆ ದಿನಕ್ಕೊಮ್ಮೆ. ನುಂಗುವಷ್ಟಾದ ಮೇಲೆ ಮೂರು ದಿನದ ಎಸಿಟಿ (ಇದೇ ಗುಂಪಿನ ಔಷಧಕ್ಕೆ ಇನ್ನೊಂದು ಮಲೇರಿಯಾ ಔಷಧ ಸೇರಿಸಿದ) ಮಾತ್ರೆ. ಮುಂದಿನ ನಾಲ್ಕು ವಾರ ಹಿಮೋಗ್ಲೋಬಿನ್ ನೋಡುತ್ತಿರಬೇಕು, ಔಷಧ ಮುಗಿದ ಮೇಲೂ ಕೆಂಪುಕಣ ಒಡೆಯುವುದುಂಟು.

ಲ್ಯಾಬ್ ಟೇಬಲ್, ಮಡಗಾಂವ್:
ಸ್ಲೈಡ್ ಮೇಲೆ ರಕ್ತದ ದಪ್ಪ, ತೆಳು ಎರಡೂ ಲೇಪ ಮಾಡಿದ್ದರಾ ಕೇಳಿ. ದಪ್ಪ ಲೇಪವನ್ನು ಬಿಸಿ ಮಾಡಿ ಒಣಗಿಸಿದರೆ ಅಥವಾ ಮೆಥನಾಲ್ ತಾಗಿದರೆ ಕೆಂಪುಕಣ ಒಡೆಯುವುದಿಲ್ಲ, ಒಳಗೆ ಉಂಗುರದಂತಿರುವ ಪರೋಪಜೀವಿ ಕಾಣಿಸುವುದಿಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಗಂಟೆಗಟ್ಟಲೆ ಕೂತರೂ ಪರೋಪಜೀವಿಯ ರೂಪ ಕೆಡುತ್ತದೆ.

ಮಾಟುಂಗಾ ಡಾಕ್ಟರ್:
ಹುಳದ ಪ್ರಶ್ನೆಗೆ: ಲಾಡಿಹುಳದ ಮೊಟ್ಟೆ ಕೊಳಕು ನೀರು, ಹಸಿ ಸೊಪ್ಪಿನಿಂದ ಸಸ್ಯಾಹಾರಿಗಳ ಹೊಟ್ಟೆಗೂ ಹೋಗುತ್ತದೆ ನಿಜ. ಆದರೆ ಅದು ತಿಂಗಳು, ವರ್ಷಗಳ ನಂತರ ಫಿಟ್ಸ್ ಆಗಿ ಕಾಣುವ ಕಾಯಿಲೆ, ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಆಲ್ಬೆಂಡಜೋಲ್ ಜೊತೆ ಸ್ಟಿರಾಯ್ಡ್ ಬೇಕು, ಮಿದುಳಿನ ಮಲೇರಿಯಾದಲ್ಲಿ ಸ್ಟಿರಾಯ್ಡ್ ಕೊಡಬಾರದು. ಊಹೆಯ ಮೇಲೆ ಮನೆಯಲ್ಲಿ ಏನನ್ನೂ ಕೊಡಬೇಡಿ ಅನ್ನುವುದು ಇದಕ್ಕೇ.

ಯೆಲ್ಲೋ ಫೀವರ್ ಲಸಿಕೆಗೂ ಮಲೇರಿಯಾಗೂ ಸಂಬಂಧವಿಲ್ಲ. ಡಾಕ್ಸಿಸೈಕ್ಲಿನ್ ವಾಪಸ್ ಬಂದ ಮೇಲೂ 4 ವಾರ ತಗೊಳ್ಳಬೇಕಿತ್ತು, ಯಕೃತ್ತಿನಿಂದ ತಡವಾಗಿ ರಕ್ತಕ್ಕೆ ಇಳಿಯುವ ಪರೋಪಜೀವಿಗಳನ್ನು ಹಿಡಿಯುವುದು ಆ 4 ವಾರವೇ. ಅದೇ ಸೈಟಿನಿಂದ ಮಾತ್ರೆ ಬಿಟ್ಟು ಬಂದ ಬೇರೆಯವರಿದ್ದರೆ ಇವತ್ತೇ ಫೋನ್ ಮಾಡಿ ಹೇಳಿ.